1:144 ಅಳತೆಯ ಎ320ನಿಯೋ: ಬಿಳಿ ಮೈಯ ಕಷ್ಟ

ಈ ಸಲ ಕಟ್ಟಿದ್ದು ಏರ್‌ಬಸ್‌ನ ಪ್ರಯಾಣಿಕ ವಿಮಾನ ಎ320ನಿಯೋದ ಪ್ಲಾಸ್ಟಿಕ್ ಮಾದರಿ. 1:144ಕ್ಕೆ ಇಳಿಸಿದರೆ ಅದರ 37.57 ಮೀಟರ್ ಉದ್ದ 26 ಸೆಂಟಿಮೀಟರ್ ಆಗುತ್ತದೆ. ನಾನು ಆರಿಸಿಕೊಂಡದ್ದು ಇಂಡಿಗೋ ವಿಮಾನಸಂಸ್ಥೆಯ ಬಣ್ಣ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಾಳೆಯಲ್ಲಿರುವ, ವಿಟಿಯಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿಯೇ ಎಂಜಿನ್ ಹಚ್ಚಬೇಕು: 2016ರಲ್ಲಿ ಬಂದ ಮೊದಲ ವಿಮಾನಗಳದ್ದು ಪ್ರ್ಯಾಟ್ ಅಂಡ್ ವಿಟ್ನಿ, ಮುಂದಿನ ಫ್ಯಾನಿನಲ್ಲಿ 20 ಅಲಗು, ಆಮೇಲೆ ಬಂದ ಹಲವಕ್ಕೆ ಸಿಎಫ್‌ಎಂ ಕಂಪನಿಯ ಲೀಪ್ ಎಂಜಿನ್, ಅದರಲ್ಲಿ 18. ಬಲ್ಲವರು ಮೊದಲು ಎಣಿಸುವುದೇ ಇದನ್ನು.

ಮೂತಿಯೊಳಗೆ ತೂಕ ಇಡದಿದ್ದರೆ ವಿಮಾನ ಬಾಲದ ಮೇಲೆ ಕೂರುತ್ತದೆ. ಅಂಟಿಸುವ ಮುಂಚೆ ಎಲ್ಲವನ್ನೂ ಟೇಪಿನಲ್ಲಿ ಕಟ್ಟಿ, ಹಿಂಗಾಲಿಗಳ ಜಾಗದಲ್ಲಿ ಪೆನ್ಸಿಲ್ ಕೊಟ್ಟು ತೂಗಿ ನೋಡಿದೆ. ಸುಮಾರು 10 ಗ್ರಾಂ ಗಾಳದ ಸೀಸದ ಗುಂಡು ಸಾಕಾಯಿತು. ಅದನ್ನು ಹಿಡಿಸಲು ಎಪಾಕ್ಸಿ ಅಂಟೇ ಆಗಬೇಕು. ಬಿಳಿ ಮರದಂಟು ಸೀಸದೊಡನೆ ಸೇರಿದರೆ ವರ್ಷಗಳಲ್ಲಿ ಉಬ್ಬಿ ಮೂತಿಯನ್ನೇ ಸೀಳುತ್ತದೆ, ಸೂಪರ್ ಗ್ಲೂವಿನ ಹಬೆ ಕಾಕ್‌ಪಿಟ್ ಗಾಜಿಗೆ ಮಂಜು ಹಿಡಿಸುತ್ತದೆ.

ನಿಜವಾದ ಕೆಲಸ ಇರುವುದು ಮೈಯ ಎರಡು ಹೋಳುಗಳ ಕೂಡುಗೆರೆಯಲ್ಲಿ. ಯುದ್ಧವಿಮಾನವಾದರೆ ಮರೆಮಾಚು ಬಣ್ಣ ತಪ್ಪನ್ನೂ ಮರೆಸುತ್ತದೆ. ಹೊಳೆಯುವ ಬಿಳಿಯಲ್ಲಿ ಕೂದಲೆಳೆಯಷ್ಟು ಗೆರೆಯೂ ಎದ್ದು ಕಾಣುತ್ತದೆ. ತೆಳು ಸಿಮೆಂಟನ್ನು (ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು) 5 ಸೆಂಟಿಮೀಟರ್‌ನಷ್ಟೇ ಸವರಿ, ಕರಗಿದ ಪ್ಲಾಸ್ಟಿಕ್ ಹೊರಗೆ ಉಕ್ಕುವವರೆಗೆ ಒತ್ತಿ, ಮುಂದಕ್ಕೆ ಹೋಗುತ್ತೇನೆ. ಆಮೇಲೆ ಒಂದು ವಾರ ಮುಟ್ಟುವುದಿಲ್ಲ. ಮರುದಿನವೇ ಉಜ್ಜಿದರೆ ಒಳಗಿನ ಮೆದು ಪ್ಲಾಸ್ಟಿಕ್ ನಿಧಾನವಾಗಿ ಕುಗ್ಗಿ, ಬಣ್ಣವೆಲ್ಲ ಮುಗಿದ ಮೇಲೆ ಗೆರೆ ಮತ್ತೆ ಮೂಡುತ್ತದೆ. ಉಜ್ಜುವುದು 400, 800, 1500 ನಂಬರಿನ ಕಾಗದದಲ್ಲಿ, ನೀರು ಹಚ್ಚಿ. ಬೂದು ಪ್ರೈಮರ್ ಹೊಡೆದು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಉಳಿದದ್ದೆಲ್ಲ ಕಾಣುತ್ತದೆ.

ಬಿಳಿಯನ್ನು ಒಂದೇ ಸಲ ದಪ್ಪಗೆ ಬಳಿದರೆ ಕೂಡುಗೆರೆಯ ಅಂಚಿನಲ್ಲಿ ಸೋರುತ್ತದೆ. 15 ನಿಮಿಷ ಬಿಟ್ಟು ಬಿಟ್ಟು ನಾಲ್ಕು ತೆಳು ಪದರ. ಮಳೆಗಾಲದ ತೇವದಲ್ಲಿ ಲ್ಯಾಕರ್ ಮಬ್ಬಾಗುತ್ತದೆ, ಅಂಥ ದಿನ ಏರ್‌ಬ್ರಶ್ ಎತ್ತದಿರುವುದೇ ಲೇಸು. ಹೊಟ್ಟೆ ಮತ್ತು ಬಾಲದ ನೀಲಿಗೆ ಟೇಪ್ ಹಚ್ಚಿದ ಮೇಲೆ ಅದರ ಅಂಚಿಗೆ ಮತ್ತೊಮ್ಮೆ ಬಿಳಿಯನ್ನೇ ಹೊಡೆಯಿರಿ: ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದು ಮುಚ್ಚುತ್ತದೆ, ನೀಲಿಗೆ ದಾರಿ ಇರುವುದಿಲ್ಲ.

ಡೆಕಾಲ್‌ಗೆ ಮುಂಚೆ ಬಣ್ಣವಿಲ್ಲದ ಹೊಳಪು ಕ್ಲಿಯರ್ ಪದರ ಕಡ್ಡಾಯ. ಒರಟು ಮೈಮೇಲೆ ಡೆಕಾಲಿನ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಕಿಟಕಿಸಾಲಿನ ಡೆಕಾಲಿಗಿಂತ ಮೊದಲು ಬಾಗಿಲುಗಳದ್ದನ್ನು ಕೂರಿಸಿ. ಸಾಲು ಅರ್ಧ ಮಿಲಿಮೀಟರ್ ಜಾರಿದರೂ ಹಿಂಬಾಗಿಲು ಹತ್ತಿರ ಲೆಕ್ಕ ತಪ್ಪಿರುತ್ತದೆ.