ಎದುರಾಳಿಯ ಕ್ಲೌಡ್ ಮೇಲೆ ಕೆಲಸ ಕಟ್ಟುವಾಗ

ನೆಟ್‌ಫ್ಲಿಕ್ಸ್ ನಡೆಯುವುದು ಅಮೆಜಾನ್‌ನ ಎಡಬ್ಲ್ಯೂಎಸ್ ಮೇಲೆ, ಅಂದರೆ ಅಮೆಜಾನ್ ಬಾಡಿಗೆಗೆ ಕೊಡುವ ಸರ್ವರ್‌ಗಳ (ಕ್ಲೌಡ್) ಮೇಲೆ. ಅದೇ ಅಮೆಜಾನ್ ಪ್ರೈಮ್ ವಿಡಿಯೋ ಇಟ್ಟುಕೊಂಡು ನೆಟ್‌ಫ್ಲಿಕ್ಸ್ ನೋಡುವವರನ್ನೇ ಸೆಳೆಯುತ್ತದೆ. ಆದರೂ ನೆಟ್‌ಫ್ಲಿಕ್ಸ್ ಅಲ್ಲೇ ಇದೆ. ವಿಡಿಯೋವನ್ನು ಮನೆಗಳಿಗೆ ತಲುಪಿಸುವ ಓಪನ್ ಕನೆಕ್ಟ್ ಸರ್ವರ್‌ಗಳನ್ನು ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬಾರದು ಅನ್ನುವುದೇ ಇಲ್ಲಿ ಮುಖ್ಯ.

ನಾನು ಮೈಸೂರಿನಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇನೆ. ನಮಗೆ ಸರ್ವರ್ ಕೊಡುವ ಕಂಪನಿ ನಾಳೆ ತಾನೇ ಬಿಲ್ಲಿಂಗ್ ಆ್ಯಪ್ ತರಬಹುದು. "ಸರ್, ಅವರು ನಮ್ಮ ಕೋಡ್ ಕದ್ದರೆ?" ಅಂತ ಹೊಸ ಹುಡುಗರು ಕೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಭಯ ಇರುವುದು ಅವರು ಮನಸ್ಸು ಬದಲಾಯಿಸುವುದರ ಬಗ್ಗೆ. ಬ್ರೌಸರ್‌ನಲ್ಲೇ ಕೋಡ್ ಬರೆಯುವ ಕ್ಲೌಡ್9 ಅನ್ನು ಅಮೆಜಾನ್ 2016ರಲ್ಲಿ ಕೊಂಡಿತು, 2024ರ ಜುಲೈನಲ್ಲಿ ಹೊಸ ಗ್ರಾಹಕರಿಗೆ ನಿಲ್ಲಿಸಿತು. ಮೊಬೈಲ್ ಆ್ಯಪ್‌ಗಳಿಗೆ ಸರ್ವರ್ ಸೇವೆ ಕೊಡುತ್ತಿದ್ದ, ಫೇಸ್‌ಬುಕ್ 2013ರಲ್ಲಿ ಕೊಂಡ ಪಾರ್ಸ್ 2017ರ ಜನವರಿಯಲ್ಲಿ ಮುಚ್ಚಿತು. ಪಾರ್ಸ್‌ನವರು ಒಂದು ವರ್ಷ ಮುಂಚೆಯೇ ಹೇಳಿ, ಸರ್ವರ್ ಕೋಡನ್ನು ಯಾರು ಬೇಕಾದರೂ ಬಳಸುವಂತೆ ಓಪನ್ ಸೋರ್ಸ್ ಮಾಡಿ ಹೋದರು. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ನಂಬಿ ಕೂರಬೇಡಿ.

ಹಾಗಾಗಿ ಸೇರುವ ಮೊದಲೇ ಹೊರಗೆ ಬರುವ ದಾರಿ ನಡೆದು ನೋಡಿ. ತಂಡಗಳು ಕೋಡ್ ಇಟ್ಟು ಒಟ್ಟಿಗೆ ಕೆಲಸ ಮಾಡುವ ಗಿಟ್‌ಹಬ್ ಅನ್ನೇ ತೆಗೆದುಕೊಳ್ಳಿ. 2018ರಿಂದ ಅದು ಮೈಕ್ರೋಸಾಫ್ಟ್‌ನದು. ಮಿರರ್ ಕ್ಲೋನ್ (ಕೋಡ್ ಸಂಗ್ರಹದ ನಕಲು) ಮಾಡಿದರೆ ಕೋಡ್, ಬ್ರಾಂಚ್, ಟ್ಯಾಗ್ ಎಲ್ಲ ಬರುತ್ತವೆ. ಇಶ್ಯೂಗಳು (ದೋಷ, ಬಾಕಿ ಕೆಲಸಗಳ ಟಿಪ್ಪಣಿ), ಪುಲ್ ರಿಕ್ವೆಸ್ಟ್‌ಗಳಲ್ಲಿ (ಕೋಡ್ ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ನಡೆದ ಚರ್ಚೆ ಬರುವುದಿಲ್ಲ. ಒಂದು ಸಾಲನ್ನು ಯಾಕೆ ಬದಲಾಯಿಸಿದೆವು ಅನ್ನುವ ಕಾರಣ ಇರುವುದೇ ಅಲ್ಲಿ, ಅಲ್ವಾ? ಅವನ್ನು ಎಪಿಐ (ಪ್ರೋಗ್ರಾಂ ಬರೆದು ಮಾಹಿತಿ ಕೇಳುವ ದಾರಿ) ಮೂಲಕ ಬೇರೆಯಾಗಿ ಇಳಿಸಿಕೊಳ್ಳಬೇಕು. ಕೆಲಸಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಸೀಕ್ರೆಟ್ ಅಂತ ಹಾಕಿದ ಪಾಸ್‌ವರ್ಡ್ ಮತ್ತೆ ತೆರೆದು ಓದಲು ಆಗುವುದಿಲ್ಲ. ಅದರ ಪ್ರತಿ ನಿಮ್ಮ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇರಲಿ. ಬಿಲ್ಡ್ (ಕೋಡನ್ನು ಓಡುವ ಆ್ಯಪ್ ಆಗಿಸುವುದು) ಮಾಡುವ ಕೆಲಸವನ್ನೆಲ್ಲ ನಿಮ್ಮದೇ ಒಂದು ಶೆಲ್ ಸ್ಕ್ರಿಪ್ಟ್‌ನಲ್ಲಿ, ಅಂದರೆ ಆದೇಶಗಳ ಫೈಲ್‌ನಲ್ಲಿ, ಬರೆಯಿರಿ. ಆ್ಯಕ್ಷನ್ಸ್ ಅದನ್ನು ಸುಮ್ನೆ ಓಡಿಸಲಿ. ಜಾಗ ಬದಲಿಸಿದರೂ ಸ್ಕ್ರಿಪ್ಟ್ ನಿಮ್ಮ ಜೊತೆ ಬರುತ್ತದೆ.

ಡೇಟಾಬೇಸ್‌ಗೆ ಆದಷ್ಟೂ ಪೋಸ್ಟ್‌ಗ್ರೆಸ್ ಥರದ, ಎಲ್ಲ ಕಡೆ ಸಿಗುವಂಥದ್ದನ್ನೇ ಹಿಡಿಯಿರಿ. ಡಂಪ್ (ಡೇಟಾದ ಪೂರ್ತಿ ನಕಲು) ತೆಗೆದರೆ ಸಾಲದು, ಬೇರೆ ಕಂಪನಿಯ ಸರ್ವರ್‌ನಲ್ಲಿ ಅದನ್ನು ರಿಸ್ಟೋರ್ ಮಾಡಿ, ಒಂದು ಬಿಲ್ ಹೊಡೆದು ನೋಡಿ. ಬಿಲ್ ಸರಿಯಾಗಿ ಬಂದರೆ ಮಾತ್ರ ಬ್ಯಾಕಪ್ ಇದೆ ಅನ್ನಿ.

ಗ್ರಾಹಕರ ಫೋನ್ ನಂಬರ್, ಉದ್ರಿ ಲೆಕ್ಕ ಇಂಥವನ್ನು ನಮ್ಮ ಕಡೆಯಲ್ಲೇ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತೇವೆ. ಅದನ್ನು ಬಿಚ್ಚಿ ಓದುವ ಕೀ ಸರ್ವರ್ ಕಂಪನಿಯವರ ಹತ್ತಿರ ಇರುವುದಿಲ್ಲ. ಹಾಗೆ ಮಾಡಿದರೂ ನಿಮ್ಮ ಸರ್ವರ್ ಬಳಕೆ ತಿಂಗಳಿಂದ ತಿಂಗಳಿಗೆ ಏರುವುದು ಅವರ ಲೆಕ್ಕದಲ್ಲಿ ಕಾಣುತ್ತದೆ. ಅದನ್ನು ಮುಚ್ಚಿಡಲು ಆಗದು.

ಬಿಟ್ಟು ಹೋಗುವಾಗ ಡೇಟಾ ಹೊರಗೆ ಒಯ್ಯಲು ಶುಲ್ಕ ಇಲ್ಲ ಅಂತ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ 2024ರಲ್ಲಿ ಹೇಳಿದ್ದಾರೆ. ಆದರೆ ಅದಕ್ಕೆ ಷರತ್ತುಗಳಿವೆ. ಮೊದಲೇ ಓದಿಕೊಳ್ಳಿ. ಡೊಮೇನ್ ಹೆಸರನ್ನು ಮಾತ್ರ ಸರ್ವರ್ ಕೊಡುವವರ ಹತ್ತಿರ ಇಡಬೇಡಿ, ಬೇರೆ ರಿಜಿಸ್ಟ್ರಾರ್ (ಹೆಸರು ನೋಂದಾಯಿಸುವ ಕಂಪನಿ) ಬಳಿ ನಿಮ್ಮ ಹೆಸರಲ್ಲೇ ಮಾಡಿಸಿ.