ಮೊದಲು ಕೃತ್ತಿಕೆ ನೋಡಿ, ಆಮೇಲೆ ಯೋಬ ಓದಿ: ಸಭೆಯವರೊಂದಿಗೆ ನಕ್ಷತ್ರ ನೋಡುವ ಸಂಜೆ

ಚರ್ಚ್ ಸಭೆಯವರನ್ನು ಕರೆದುಕೊಂಡು ನಕ್ಷತ್ರ ನೋಡಲು ಬೀದರ್, ಕಲಬುರಗಿ ಕಡೆ ಒಳ್ಳೆಯ ಕಾಲ ಜನವರಿ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ. ಆ ನಡುವೆ ಬರುವ ಅಮಾವಾಸ್ಯೆಗೆ ಹಿಂದಿನ ಐದಾರು ದಿನಗಳಲ್ಲಿ ಒಂದನ್ನು ಗೊತ್ತುಮಾಡಿ. ಆಗ ಚಂದ್ರ ನಡುರಾತ್ರಿ ದಾಟಿದ ಮೇಲೇ ಹುಟ್ಟುತ್ತಾನೆ. ಅಮಾವಾಸ್ಯೆ ಕಳೆದು ಮೂರ್ನಾಲ್ಕು ದಿನವಾದರೆ ಸಂಜೆಗೇ ಪಶ್ಚಿಮದಲ್ಲಿ ನಿಂತು ಮಸುಕು ನಕ್ಷತ್ರಗಳನ್ನು ನುಂಗುತ್ತಾನೆ.

ಊರ ದೀಪಗಳಿಂದ ದೂರದ ಬಯಲು ಅಥವಾ ಹಳ್ಳಿಯ ಮಾಳಿಗೆ ಸಾಕು. ಪಕ್ಕದ ಹೊಲದಲ್ಲಿ ತೊಗರಿ ರಾಶಿ ನಡೆದಿದ್ದರೆ ಆ ಜಾಗ ಬಿಡಿ. ಧೂಳಿಗೆ ದಿಗಂತದ ಹತ್ತಿರದ್ದೇನೂ ಕಾಣುವುದಿಲ್ಲ. ಚಾಪೆ, ಕಂಬಳಿ, 7×50 ಅಥವಾ 10×50 ಬೈನಾಕ್ಯುಲರ್ ಇರಲಿ. ಟೆಲಿಸ್ಕೋಪ್ ಬೇಡ. ಮೂವತ್ತು ಜನರ ಸಾಲು ಮುಂದೆ ಸಾಗುವುದೇ ಇಲ್ಲ. ಅದರಲ್ಲಿ ಕೃತ್ತಿಕೆ ಎಂಬ ನಕ್ಷತ್ರಗುಚ್ಛದ ಒಂದು ತುಣುಕಷ್ಟೇ ಕಾಣುವುದೂ ಉಂಟು.

ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಎರಡು ಪದರ ಕಟ್ಟಿ. ಯೇಸುವಿನ ಮಾತುಗಳನ್ನು ಕೆಂಪಕ್ಷರದಲ್ಲಿ ಅಚ್ಚು ಹಾಕಿದ ಬೈಬಲ್ ಇದ್ದರೆ ಎಚ್ಚರ: ಕೆಂಪು ಬೆಳಕಿನಲ್ಲಿ ಆ ಸಾಲುಗಳು ಮಾಯವಾಗುತ್ತವೆ. ನಾವು ಓದುವ ಕೀರ್ತನೆ, ಯೋಬ ಎಂಬ ಪುಸ್ತಕಗಳಿಗೆ ಈ ತೊಂದರೆಯಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಒಬ್ಬರು ಮೊಬೈಲ್ ತೆರೆದರೂ ಎಲ್ಲರದೂ ಮತ್ತೆ ಮೊದಲಿನಿಂದ.

ಏಳೂವರೆಗೆ ಕತ್ತಲೆ ಪೂರ್ಣವಾಗುತ್ತದೆ. ಮೊದಲು ವಾಯವ್ಯಕ್ಕೆ ತಿರುಗಿ, ಏಕೆಂದರೆ ಅಲ್ಲಿರುವ ಆಂಡ್ರೊಮಿಡಾ ಗೆಲಾಕ್ಸಿ ಇಳಿಯುತ್ತಾ ಹೋಗುತ್ತದೆ. ಡಬ್ಲ್ಯೂ ಆಕಾರದ ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದ ಎರಡು ಕೋನಗಳಲ್ಲಿ ಹೆಚ್ಚು ಚೂಪಾದದ್ದು ತೋರುವ ಕಡೆ, ಚಾಚಿದ ಕೈಯ ಒಂದೂವರೆ ಮುಷ್ಟಿ ದೂರದಲ್ಲಿ ಮಬ್ಬು ಚುಕ್ಕೆ. ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ.

ಎಂಟರ ಹೊತ್ತಿಗೆ ಕೃತ್ತಿಕೆ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಕೊಂಚ ಉತ್ತರಕ್ಕೆ ಇರುತ್ತದೆ; ಫೆಬ್ರವರಿಯಾದರೆ ಪಶ್ಚಿಮಕ್ಕೆ ವಾಲಿರುತ್ತದೆ. ಎಲ್ಲರೂ ಮಲಗಿ ಬರಿಗಣ್ಣಿನಲ್ಲಿ ಎಣಿಸಲಿ. ಸಂಖ್ಯೆಯನ್ನು ನೀವು ಮೊದಲೇ ಹೇಳಬೇಡಿ, ಹೇಳಿದರೆ ಕಾಣದವರೂ ಅದನ್ನೇ ಒಪ್ಪಿಸುತ್ತಾರೆ. ಸಾಮಾನ್ಯವಾಗಿ ಆರು. ಬೈನಾಕ್ಯುಲರಿನಲ್ಲಿ ಹತ್ತಾರು.

ಈಗ ಯೋಬ 38:31 ಓದಿ. ಕೃತ್ತಿಕೆ, ಮೃಗಶಿರ ಎಂದೊಡನೆ ಯಾರಾದರೂ ಇದೇನು ಜ್ಯೋತಿಷವೇ ಎಂದು ಮುಖ ಸಿಂಡರಿಸಿದರೆ, ಕನ್ನಡ ಬೈಬಲೇ ಈ ಹೆಸರುಗಳನ್ನು ಬಳಸಿದೆ ಎಂದು ತೋರಿಸಿ. ಕೃತ್ತಿಕೆಯನ್ನು ಬಿಗಿಯಬಲ್ಲೆಯಾ ಎಂಬ ಪ್ರಶ್ನೆ ಬರುವುದು ಇಲ್ಲೇ. ಉತ್ಸಾಹಿ ಬೋಧಕರು ಎಡವುವುದೂ ಇಲ್ಲೇ. ಆ ನಕ್ಷತ್ರಗಳು ಗುರುತ್ವದಿಂದ ಕಟ್ಟಿಕೊಂಡಿರುವುದು ನಿಜ. ಅದಕ್ಕೆ ‘ಬೈಬಲ್‌ಗೆ ಗುರುತ್ವ ಗೊತ್ತಿತ್ತು’ ಎಂದುಬಿಡುತ್ತಾರೆ. ಆದರೆ ಆ ಕಟ್ಟು ಶಾಶ್ವತವಲ್ಲ. ಇನ್ನು ಸುಮಾರು 25 ಕೋಟಿ ವರ್ಷದಲ್ಲಿ ಗುಂಪು ಚದುರಿಹೋಗುತ್ತದೆ ಎನ್ನುವುದು ಲೆಕ್ಕ. ಹಾಗಾದರೆ ಆ ಬೋಧನೆಯ ಗತಿಯೇನು? ವಚನ ಕೇಳುತ್ತಿರುವುದು ‘ನಿನ್ನಿಂದಾಗುತ್ತದೆಯೇ’ ಎಂದು ಮಾತ್ರ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೈತ್ರ್ ಕೂಡ ತನ್ನ ಸಿದ್ಧಾಂತವನ್ನು ಸೃಷ್ಟಿಗೆ ಪುರಾವೆ ಮಾಡುವುದನ್ನು ಒಪ್ಪಲಿಲ್ಲ.

ದೂರವನ್ನು ವಯಸ್ಸಿನಿಂದ ಹೇಳಿದರೆ ಮಕ್ಕಳಿಗೆ ತಟ್ಟುತ್ತದೆ. ಆಗ್ನೇಯದ ಲುಬ್ಧಕ (ಸಿರಿಯಸ್) ನಕ್ಷತ್ರ 8.6 ಜ್ಯೋತಿರ್ವರ್ಷ: ಮೂರನೇ ಕ್ಲಾಸಿನ ಮಗು ಹುಟ್ಟಿದಾಗ ಹೊರಟ ಬೆಳಕು. ಕೆಂಪು ರೋಹಿಣಿ 65: ಅಜ್ಜ-ಅಜ್ಜಿಯರ ಪಾಲಿಗೆ. ಕೃತ್ತಿಕೆ ಸುಮಾರು 440: ಬೀದರಿನಲ್ಲಿ ಬರೀದ್ ಶಾಹಿಗಳು ಆಳುತ್ತಿದ್ದ ಕಾಲದ್ದು.

‘ಆರು ದಿನದ ಸೃಷ್ಟಿ, 25 ಲಕ್ಷ ವರ್ಷದ ಬೆಳಕು, ಎರಡೂ ಹೇಗೆ?’ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಬಾಯಿ ಮುಚ್ಚಿಸಬೇಡಿ. ದೂರದ ಅಳತೆ ಗಟ್ಟಿಯಾದದ್ದು ಎಂದು ಒಪ್ಪಿಕೊಳ್ಳಿ. ಆದಿಕಾಂಡದ ಆ ದಿನಗಳು ನಮ್ಮ 24 ತಾಸಿನ ದಿನಗಳಲ್ಲ ಎಂದು 1,600 ವರ್ಷಗಳ ಹಿಂದೆಯೇ ಕ್ರೈಸ್ತ ಚಿಂತಕ ಅಗಸ್ಟೀನ್ ಯೋಚಿಸಿದ್ದ, ಆಕಾಶದ ಬಗ್ಗೆ ಅರಿಯದೆ ಮಾತಾಡುವ ಕ್ರೈಸ್ತರನ್ನು ಕಂಡು ಹೊರಗಿನವರು ನಗುತ್ತಾರೆ ಎಂದೂ ಎಚ್ಚರಿಸಿದ್ದ. ಸಭೆಯಲ್ಲಿ ಬೇರೆ ಬೇರೆ ಅಭಿಪ್ರಾಯದವರಿದ್ದರೆ ಇರಲಿ.

ಕೊನೆಗೆ ಐದು ನಿಮಿಷ ಯಾರೂ ಮಾತಾಡದೆ ಇರಿ. ಬೋಧನೆ ಬೇಡ. ಆಮೇಲೆ ಒಬ್ಬರು ನಿಧಾನವಾಗಿ ಕೀರ್ತನೆ 8 ಓದಲಿ, ಮನುಷ್ಯ ಎಷ್ಟರವನು ಎಂದು ಕೇಳುವ ನಾಲ್ಕನೇ ವಚನದಲ್ಲಿ ಸ್ವಲ್ಪ ನಿಲ್ಲಲಿ. ಓದು ಮುಗಿದ ಮೇಲೆಯೇ ದೀಪ ಹಾಕಿ ಚಹಾ ಹಂಚಿ.