ರಕ್ತ ಇಲ್ಲಿ, ಪರೀಕ್ಷೆ ಬೆಂಗಳೂರಿನಲ್ಲಿ: ಶ್ವಾಸಕೋಶ ಕ್ಯಾನ್ಸರ್‌ಗೆ ಜೀನ್ ಟೆಸ್ಟ್ ಮಾಡಿಸುವುದು ಹೇಗೆ?

ಕ್ಯಾನ್ಸರ್ ಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಆ ಚೂರುಗಳಲ್ಲಿ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಮುಂತಾದ ಜೀನ್‌ಗಳ ದೋಷ ಹುಡುಕುವುದೇ ಲಿಕ್ವಿಡ್ ಬಯಾಪ್ಸಿ. ದೋಷ ಸಿಕ್ಕರೆ ಅದಕ್ಕೆ ತಕ್ಕ ಗುಳಿಗೆ ಕೊಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಪರೀಕ್ಷೆಗೆ ಮೊದಲು ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ತಿಳಿಯಲು ಇದನ್ನು ಮಾಡಿಸಬೇಡಿ. ಅದನ್ನು ಹೇಳಬೇಕಾದ್ದು ಬಯಾಪ್ಸಿಯಲ್ಲಿ ತೆಗೆದ ಗೆಡ್ಡೆಯ ತುಣುಕು.

ರಕ್ತ ಯಾವಾಗ ತೆಗೆಸಬೇಕು

ಚಿಕಿತ್ಸೆ ಶುರುವಾಗುವ ಮುಂಚೆ, ಇಲ್ಲವೇ ಮೊದಲ ಗುಳಿಗೆ ನಾಟದೆ ಗೆಡ್ಡೆ ಮತ್ತೆ ಬೆಳೆದಾಗ. ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗ ರಕ್ತದಲ್ಲಿ ಚೂರುಗಳೇ ಸಿಗದೆ ಹೋಗಬಹುದು. ಖಾಲಿ ಹೊಟ್ಟೆ ಬೇಕಿಲ್ಲ. ಡ್ರಿಪ್ ಹಾಕಿದ ಕೈ ಬಿಟ್ಟು ಇನ್ನೊಂದು ಕೈಯಿಂದ ತೆಗೆಯಲು ಹೇಳಿ.

ಟ್ಯೂಬ್ ಮತ್ತು ನಮ್ಮ ಬಿಸಿಲು

ಬಹುತೇಕ ತಪ್ಪುಗಳು ಆಗುವುದು ಇಲ್ಲೇ. ಹಿಮೋಗ್ಲೋಬಿನ್ ನೋಡುವ ಮಾಮೂಲಿ ಇಡಿಟಿಎ ಟ್ಯೂಬ್‌ನಲ್ಲಿ ತೆಗೆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಬೇರ್ಪಡಿಸಬೇಕು. ರಾಯಚೂರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಅಷ್ಟರೊಳಗೆ ಬೆಂಗಳೂರು ಮುಟ್ಟುವುದಿಲ್ಲ. ತಡವಾದಂತೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎ ಸುರಿಯುತ್ತವೆ. ರಕ್ತದಲ್ಲಿ ತೇಲುವ ಡಿಎನ್‌ಎಯಲ್ಲಿ ಗೆಡ್ಡೆಯ ಪಾಲು ಮೊದಲೇ ಶೇ 1ಕ್ಕಿಂತ ಕಡಿಮೆ ಇರಬಹುದು. ಆ ಸುರಿತದಲ್ಲಿ ಅದು ಇನ್ನೂ ತೆಳುವಾಗಿ, ಇರುವ ದೋಷವೂ ಕಾಣದೆ ಹೋಗುತ್ತದೆ.

ಆದ್ದರಿಂದ ಕಣಗಳು ಒಡೆಯದಂತೆ ತಡೆಯುವ ದ್ರಾವಣವಿರುವ ವಿಶೇಷ ಟ್ಯೂಬನ್ನು ಲ್ಯಾಬ್‌ನಿಂದ ಮೊದಲೇ ತರಿಸಿಕೊಳ್ಳಿ. ಸಾಮಾನ್ಯವಾಗಿ 10 ಎಂಎಲ್‌ನ ಎರಡು ಟ್ಯೂಬ್ ಬೇಕು. ಗುರುತಿನವರೆಗೆ ಪೂರ್ತಿ ತುಂಬಿ, ಕೂಡಲೇ 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಕುಲುಕಬಾರದು, ಕುಲುಕಿದರೆ ಕಣ ಒಡೆಯುತ್ತದೆ. ಹೆಪಾರಿನ್ ಟ್ಯೂಬ್ ಬೇಡವೇ ಬೇಡ, ಅದು ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸಿ ನೋಡುವ ಪರೀಕ್ಷೆ) ಕ್ರಿಯೆಯನ್ನೇ ತಡೆಯುತ್ತದೆ.

ರಕ್ತವೆಂದರೆ ಐಸ್‌ನಲ್ಲೇ ಇಡಬೇಕು ಎಂಬ ರೂಢಿ ಇಲ್ಲಿ ನಡೆಯದು. ಈ ಟ್ಯೂಬನ್ನು ಫ್ರೀಜರ್‌ನಲ್ಲಿಟ್ಟರೂ ಐಸ್‌ಗೆ ತಾಗಿಸಿದರೂ ಕೆಡುತ್ತದೆ. ಹಾಗೆಂದು ಬಳ್ಳಾರಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೂ ಬಿಡಬೇಡಿ. 40 ಡಿಗ್ರಿ ದಾಟುವ ದಿನ ಬೈಕ್ ಡಿಕ್ಕಿಯೊಳಗೆ ಇನ್ನೂ ಕಾವು. ಕಿಟ್ ಮೇಲೆ ಬರೆದ ತಾಪಮಾನ ಓದಿ, ಥರ್ಮೋಕೋಲ್ ಬಾಕ್ಸ್‌ನಲ್ಲಿಟ್ಟು ಸಂಜೆಯೇ ಕಳಿಸಿ. ಹಂಪಿ ಎಕ್ಸ್‌ಪ್ರೆಸ್‌ನಂಥ ರಾತ್ರಿ ರೈಲಿಗೆ ಹೋಗುವವರ ಕೈಯಲ್ಲಿ ಕೊಟ್ಟರೂ ಆದೀತು. ಶನಿವಾರ ಮಾತ್ರ ತೆಗೆಸಬೇಡಿ, ಭಾನುವಾರ ಪಾರ್ಸೆಲ್ ಎಲ್ಲೋ ಗೋದಾಮಿನ ಸೆಕೆಯಲ್ಲಿ ಬಿದ್ದಿರುತ್ತದೆ.

ಲ್ಯಾಬ್‌ನವರು ರಕ್ತವನ್ನು ಎರಡು ಸುತ್ತು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಕಣವಿಲ್ಲದ ಪ್ಲಾಸ್ಮಾದಿಂದ ಡಿಎನ್‌ಎ ತೆಗೆಯುತ್ತಾರೆ. ಪಿಸಿಆರ್ ಬೇಗ ಮುಗಿಯುತ್ತದೆ, ಆದರೆ ಗೊತ್ತಿರುವ ಕೆಲವೇ ದೋಷಗಳನ್ನು ನೋಡುತ್ತದೆ. ಎನ್‌ಜಿಎಸ್ ಎಂಬ ಇನ್ನೊಂದು ವಿಧಾನ ಡಿಎನ್‌ಎಯ ಅಕ್ಷರಗಳನ್ನೇ ಓದಿ ಹತ್ತಾರು ಜೀನ್ ನೋಡುತ್ತದೆ. ಒಂದೆರಡು ವಾರ ಬೇಕು, ಖರ್ಚೂ ಹೆಚ್ಚು.

ರಿಪೋರ್ಟ್ ಬಂದಾಗ

ಇಜಿಎಫ್‌ಆರ್ ಎಕ್ಸಾನ್ 19 ಡಿಲೀಶನ್ ಅಥವಾ ಎಲ್858ಆರ್ ಎಂಬ ದೋಷ ಇದೆ ಎಂದಿದ್ದರೆ ಓಸಿಮರ್ಟಿನಿಬ್, ಜೆಫಿಟಿನಿಬ್‌ನಂಥ ಗುಳಿಗೆಗಳ ಬಗ್ಗೆ ವೈದ್ಯರನ್ನು ಕೇಳಿ. ಜೆಫಿಟಿನಿಬ್ ನಾಟದೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಟಿ790ಎಂ ಎಂಬ ಹೊಸ ದೋಷ ಕಾಣುತ್ತದೆ. ಅವರಿಗೆ ಓಸಿಮರ್ಟಿನಿಬ್ ಇದೆ. ಟಿಪಿ53 ಎಂಬ ಜೀನ್‌ನ ದೋಷ ಮಾತ್ರ ಕಂಡರೆ ಗಾಬರಿಯಾಗಬೇಡಿ, ವಯಸ್ಸಾದವರ ರಕ್ತಕಣಗಳಿಂದಲೂ ಅದು ಬರುತ್ತದೆ.

‘ನಾಟ್ ಡಿಟೆಕ್ಟೆಡ್’ ಎಂದಿದ್ದರೆ ದೋಷವೇ ಇಲ್ಲ ಎಂದು ಕಡತ ಮುಚ್ಚಬೇಡಿ. ಗೆಡ್ಡೆ ಚಿಕ್ಕದಿದ್ದರೆ ಅಥವಾ ಮಿದುಳಿಗಷ್ಟೇ ಹರಡಿದ್ದರೆ ರಕ್ತಕ್ಕೆ ಚೂರು ಬಾರದೇ ಇರಬಹುದು. ಮೊದಲ ಬಯಾಪ್ಸಿಯ ಮೇಣದ ಬ್ಲಾಕ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇದೆಯೇ ಎಂದು ಅದೇ ದಿನ ವಿಚಾರಿಸಿ. ಅದರಲ್ಲಿ ಗೆಡ್ಡೆಯ ತುಣುಕು ಉಳಿದಿದ್ದರೆ, ಇನ್ನೊಮ್ಮೆ ಸೂಜಿ ಚುಚ್ಚದೆಯೇ ಜೀನ್ ಟೆಸ್ಟ್ ಮಾಡಿಸಬಹುದು.